ಒತ್ತಿಲ್ಲದ ಪುಟ

ಅಕ್ಕನ ಫೋನು ಬಂದಾಗ ಪುಸ್ತಕ ಕಟ್ಟುವ ಬೈಂಡರ್ ತನ್ನ ಒತ್ತುಯಂತ್ರದ ಚಕ್ರವನ್ನು ಇನ್ನೊಂದು ಸುತ್ತು ಬಿಗಿ ಮಾಡುವುದರಲ್ಲಿದ್ದ. ಬೆಳಗಿನ ಹತ್ತು ಗಂಟೆ. ಯಂತ್ರದ ಎರಡು ಕಬ್ಬಿಣದ ಹಲಗೆಗಳ ನಡುವೆ ಅಕ್ಕನದೇ ಪುಸ್ತಕ ನಿನ್ನೆಯಿಂದ ಮಲಗಿತ್ತು. ಅವನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು "ಹೇಳಕ್ಕ" ಅಂದ.

"ಕೊನೇ ಪುಟ ನೋಡಿದ್ಯೇನೋ ಪುಟ್ಟ?"

ಐವತ್ತೇಳು ವರ್ಷದ, ಮುಂದಲೆ ಬೋಳಾದ, ಬೆರಳ ತುಂಬ ಅಂಟು ಮೆತ್ತಿಕೊಂಡ ಈ ಮನುಷ್ಯನನ್ನು ಪುಟ್ಟ ಎಂದು ಕರೆಯುವವಳು ಭೂಮಿಯ ಮೇಲೆ ಅವಳೊಬ್ಬಳೇ.

"ನೋಡ್ದೆ."

"ಹೇಗಿದೆ ಅಮ್ಮನ ಅಕ್ಷರ?"

ಚಕ್ರ ಅರ್ಧ ಸುತ್ತಿಗೇ ನಿಂತಿತು. "ಯಾರ ಅಕ್ಷರ?"

"ಅಮ್ಮಂದು ಕಣೋ. ಗೊತ್ತಾಗ್ಲಿಲ್ಲ ಅಲ್ವಾ?" ಅಕ್ಕ ಗೆದ್ದವಳ ಹಾಗೆ ನಕ್ಕಳು. "ನಾನೇ ಕಲಿಸಿದ್ದು. ನನಗಾಗ ಹದಿಮೂರು, ನಿನಗೆ ಆರು. ನನ್ನ ಸ್ಕೂಲು ಬೆಳಿಗ್ಗೆ, ನಿಂದು ಮಧ್ಯಾಹ್ನ. ನೀನು ಆ ಕಡೆ ಹೋದ ತಕ್ಷಣ ಈ ಕಡೆ ನಮ್ಮ ಪಾಠ ಶುರು. ಅಪ್ಪ ಆಡ್ಕೋತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಅಕ್ಷರಮಾಲೆ ಆಯ್ತು, ಕಾಗುಣಿತ ಆಯ್ತು. ಒತ್ತಕ್ಷರ ಕಲಿಸೋದ್ರೊಳಗೆ ಅವಳೇ ಹೋಗ್ಬಿಟ್ಲು. ಅವಳ ಕೈಯಿಂದ ಬಂದಿದ್ದು ಅಂತ ಪ್ರಪಂಚದಲ್ಲಿ ಇರೋದು ಆ ಐದು ಗೆರೆ ಒಂದೇ ಪುಟ್ಟ."

ಬೈಂಡರನ ಬಾಯಿಂದ ಒಂದು ಮಾತು ಹೊರಬಿತ್ತು. ಯಾಕೆ ಬಿತ್ತೋ ಅವನಿಗೂ ತಿಳಿಯದು. "ಚೆನ್ನಾಗಿದೆ," ಅಂದ.

"ಭಾನುವಾರ ಎದುರಿಗೆ ಕೂರಿಸ್ಕೊಂಡು ಹೇಳೋಣ ಅಂತಿದ್ದೆ, ತಡ್ಕೊಳ್ಳೋಕಾಗ್ಲಿಲ್ಲ. ಹೇಳಾಯ್ತಲ್ಲ, ಇವತ್ತು ಸಂಜೆನೇ ತಗೊಂಡ್ಬಾ. ಎರಡು ದಿನದಿಂದ ಅದಿಲ್ದೆ ಕೈ ಬರಿದೋ ಬರಿದು. ಕಣ್ಣಂತೂ ಕೈ ಕೊಡ್ತು, ಈಗ ಬೆರಳಲ್ಲೇ ಓದೋದು. ಅಷ್ಟು ಒತ್ತಿ ಒತ್ತಿ ಬರೆದಿದಾಳೆ ಮಹಾತಾಯಿ."

ಫೋನು ಇಟ್ಟಳು. ಬೈಂಡರ್ ನಿಂತಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಏಕೆಂದರೆ ಆ ಕೊನೆಯ ಪುಟದಲ್ಲಿ ಈಗ ಏನೂ ಇರಲಿಲ್ಲ. ನಿನ್ನೆ ಬೆಳಿಗ್ಗೆ ಅವನೇ ರಬ್ಬರ್ ಹಿಡಿದು, ಒಂದು ಗೀಟೂ ಉಳಿಯದ ಹಾಗೆ ಅಳಿಸಿದ್ದ.

ಈ ಅನಾಹುತ ಅರ್ಥವಾಗಬೇಕಾದರೆ ದೊಡ್ಡಮ್ಮನ ವಿಷಯ ಸ್ವಲ್ಪ ಹೇಳಬೇಕು. ದೊಡ್ಡಮ್ಮ ಎಂದರೆ ಅವನ ಸ್ವಂತ ದೊಡ್ಡಮ್ಮನಲ್ಲ. ಮಕ್ಕಳಿಗೆಂದು ಹದಿನಾಲ್ಕು ಪುಸ್ತಕ ಬರೆದು, ಪ್ರತಿಯೊಂದರ ಮೊದಲ ಪುಟದಲ್ಲೂ 'ನಿನ್ನ ದೊಡ್ಡಮ್ಮ' ಎಂದು ಸಹಿ ಹಾಕಿ, ಎಂದೋ ತೀರಿಹೋದ ಲೇಖಕಿ. ಓದಿದವರಿಗೆಲ್ಲ ಅವಳು ದೊಡ್ಡಮ್ಮನೇ. ಅವಳದೊಂದು ಚಾಳಿಯಿತ್ತು: ಕಥೆಯನ್ನು ಎಂದೂ ಮುಗಿಸುತ್ತಿರಲಿಲ್ಲ. ಇನ್ನೇನು ದಡ ಸೇರಿತು ಅನ್ನುವಾಗ ನಡುನೀರಲ್ಲಿ ಕೈಬಿಟ್ಟು, ಕೊನೆಯ ಪುಟದಲ್ಲಿ 'ಇನ್ನು ನೀನು ಹೇಳು' ಎಂದು ಬರೆದು, ಕೆಳಗೆ ಐದು ಖಾಲಿ ಗೆರೆ ಎಳೆದು ಸುಮ್ಮನಾಗುತ್ತಿದ್ದಳು. ಮಿಕ್ಕಿದ್ದು ಓದಿದ ಮಗುವಿನ ಜವಾಬ್ದಾರಿ. ಮಕ್ಕಳು ಬಿಡುತ್ತಾರೆಯೇ? ಪೆನ್ಸಿಲ್, ಬಳಪ, ಇದ್ದಿಲು, ಕೈಗೆ ಸಿಕ್ಕಿದ್ದರಲ್ಲಿ ಗೀಚಿದರು.

ಆ ಮಕ್ಕಳು ದೊಡ್ಡವರಾದರು, ಕೂದಲು ಉದುರಿತು, ಹಲ್ಲು ಅಲುಗಿತು, ಆದರೆ ದೊಡ್ಡಮ್ಮನ ಹುಚ್ಚು ಮಾತ್ರ ಬಿಡಲಿಲ್ಲ. ಇಂಥವರ ಒಂದು ಗುಂಪೇ ಇತ್ತು. ತಮ್ಮನ್ನು 'ದೊಡ್ಡಮ್ಮನ ಮಕ್ಕಳು' ಎಂದು ಕರೆದುಕೊಂಡು, ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯ ಮೇಲೆ ಸೇರುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು ಪುಸ್ತಕದ ಹರಿದ ಹೊರಹೊದಿಕೆಯೊಂದಕ್ಕಾಗಿ ಒಂದಿಡೀ ದಿನ ರೈಲಿನಲ್ಲಿ ಕೂತು ಹೋಗಿಬಂದಿದ್ದರು. ದರ್ಜಿ ಹೆಂಗಸೊಬ್ಬಳು ತನ್ನ ಹದಿನಾಲ್ಕನ್ನೂ ಮಗಳ ಮದುವೆಯ ಸೀರೆಗಿಂತ ಮೇಲಿನ ಕಪಾಟಿನಲ್ಲಿ ಇಟ್ಟಿದ್ದಳು. ಮೂರನೆಯ ಪುಸ್ತಕದ ಒಂದು ಚಿತ್ರದಲ್ಲಿ ಕೊಡೆಗೆ ಏಳು ಕಡ್ಡಿಯೋ ಎಂಟೋ ಎಂಬ ಮಾತಿಗೆ ಇಬ್ಬರು ನಿವೃತ್ತ ಮೇಷ್ಟ್ರುಗಳು ಎರಡು ವರ್ಷ ಮಾತು ಬಿಟ್ಟಿದ್ದರು. ನಗಬೇಡಿ. ಬಾಲ್ಯದಲ್ಲಿ ನಮ್ಮನ್ನು ನಂಬಿ ಕಥೆಯ ಕೊನೆಯನ್ನೇ ಕೈಗೆ ಕೊಟ್ಟವರನ್ನು ಮರೆಯುವುದು ಅಷ್ಟು ಸುಲಭವಲ್ಲ.

ಆದರೆ ಸಂಗ್ರಹ ಎಂಬುದು ತಲೆಗೇರಿದರೆ ಮನುಷ್ಯನ ಬುದ್ಧಿ ತಲೆಕೆಳಗಾಗುತ್ತದೆ. ಮಕ್ಕಳೆಲ್ಲ ಗೀಚಿದ್ದರಿಂದ ಗೀಚದ ಪುಸ್ತಕ ಅಪರೂಪವಾಯಿತು. ಅಪರೂಪವಾದದ್ದೇ ಶ್ರೇಷ್ಠವಾಯಿತು. ಐದು ಗೆರೆ ಖಾಲಿ ಇರುವ ಪ್ರತಿಗೆ 'ಖಾಲಿ' ಎಂದೂ ತುಂಬಿದ ಪ್ರತಿಗೆ 'ಗೀಚು' ಎಂದೂ ಅವರಲ್ಲಿ ಹೆಸರು. ಬರೆಯಲೆಂದೇ ಬಿಟ್ಟ ಜಾಗದಲ್ಲಿ ಯಾವ ಮಗುವೂ ಬರೆದಿಲ್ಲ ಎಂಬುದನ್ನು ಈ ದೊಡ್ಡವರು ಭೂತಗನ್ನಡಿ ಹಿಡಿದು ಖಾತ್ರಿ ಮಾಡಿಕೊಂಡು ಹಿಗ್ಗುತ್ತಿದ್ದರು. ದೊಡ್ಡಮ್ಮ ಬದುಕಿದ್ದರೆ ಒಬ್ಬೊಬ್ಬರ ಕಿವಿಯನ್ನೂ ಹಿಂಡುತ್ತಿದ್ದಳು.

ಬೈಂಡರನ ಬಳಿ ಹದಿಮೂರಿದ್ದವು, ಹದಿಮೂರೂ ಖಾಲಿ. ಇಲ್ಲದ್ದು ಏಳನೆಯದು, 'ಮನೆ ಮರೆತ ಕೊಡೆ'. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕೊಡೆಯೊಂದು ತನ್ನ ಮನೆ ಹುಡುಕುತ್ತ ಬಾಗಿಲಿಂದ ಬಾಗಿಲಿಗೆ ಅಲೆಯುವ ಕಥೆ. ಅಚ್ಚಾದ ವರ್ಷವೇ ಪ್ರಕಾಶಕರ ಗೋದಾಮಿಗೆ ನೀರು ನುಗ್ಗಿ ಹೆಚ್ಚಿನವು ಮುದ್ದೆಯಾಗಿಹೋದವು. ಮೂವತ್ತು ವರ್ಷ ಅವನು ಅದಕ್ಕಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಆರು ವರ್ಷದವನಿದ್ದಾಗ ಅಕ್ಕ ಅದನ್ನು ಓದಿ ಹೇಳಿದ್ದು ನೆನಪಿತ್ತು. ಆ ಪ್ರತಿ ಮನೆ ಬದಲಾಯಿಸುವಾಗ ಕಳೆದುಹೋಯಿತೆಂದೇ ನಂಬಿದ್ದ.

ಮೊನ್ನೆ ಸೋಮವಾರ ಅಕ್ಕ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದು, ಬಟ್ಟೆ ಸುತ್ತಿದ ಒಂದು ಗಂಟನ್ನು ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಏಳನೆಯದು.

"ನಿನ್ನ ಹತ್ರ ಇತ್ತಾ?" ಅವನು ಕೇಳಿದ.

"ಇತ್ತು."

"ನಾನು ಇದಕ್ಕೋಸ್ಕರ ಊರೂರು ಅಲೆದಿದ್ದು ನಿನಗೆ ಗೊತ್ತಿಲ್ವಾ?"

"ಗೊತ್ತು. ಕೊಡೋಕೆ ಮನಸ್ಸಿರ್ಲಿಲ್ಲ ಕಣೋ. ಇನ್ನು ಮೇಲೆ ನಿಂದೇ. ಹೊಲಿಗೆ ಬಿಟ್ಟಿದೆ, ಹೊಲಿದು ತಾ. ಬೇರೇನೂ ಮುಟ್ಬೇಡ. ಭಾನುವಾರ ಬಾ, ಒಂದು ವಿಷಯ ಹೇಳ್ತೀನಿ."

ಬೇರೇನೂ ಮುಟ್ಟಬೇಡ ಎಂದು ಎಲ್ಲ ಗಿರಾಕಿಗಳೂ ಹೇಳುತ್ತಾರೆ. ಯಾವ ಬೈಂಡರ್ ಕೇಳಿದ್ದಾನೆ? ಅವಳು ಹೋದ ಮೇಲೆ ಅವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮೂವತ್ತು ವರ್ಷ ಕಣ್ಣೆದುರೇ ಒದ್ದಾಡಿದ್ದೇನೆ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳಲ್ಲ! ಅದೇ ಸಿಟ್ಟಿನಲ್ಲಿ ಕೊನೆಯ ಪುಟ ತಿರುವಿದ. ಐದೂ ಗೆರೆ ಭರ್ತಿ. ಸೀಸದಕಡ್ಡಿಯಲ್ಲಿ, ದಪ್ಪ ದಪ್ಪ, ಒಂದು ಮೇಲೆ ಒಂದು ಕೆಳಗೆ ಕುಣಿಯುವ ಅಕ್ಷರ. ಒತ್ತಕ್ಷರ ಎಲ್ಲೂ ಇಲ್ಲ. ನಡುವೆ 'ಪುಟ' ಎಂಬ ಮಾತು ಕಣ್ಣಿಗೆ ಬಿತ್ತು, 'ಪುಟ ಶಾಲೆಗೆ' ಅಂತೇನೋ. ಬೈಂಡರ್ ನಕ್ಕುಬಿಟ್ಟ. ಆರು ವರ್ಷದ ಪುಟ್ಟ, ಒತ್ತು ಬಾರದೆ, ತನ್ನ ಹೆಸರನ್ನೇ ಪುಟ ಎಂದು ಬರೆದುಕೊಂಡಿದ್ದಾನೆ! ನನ್ನ ಹೆಸರು, ನನ್ನ ಗೀಚು, ನಾನು ಅಳಿಸಿದರೆ ಯಾರ ಅಪ್ಪಣೆ ಬೇಕು? ಉಳಿದದ್ದನ್ನು ಓದುವ ಗೋಜಿಗೇ ಹೋಗಲಿಲ್ಲ. ಪುಸ್ತಕ ಕಟ್ಟುವವರು ಪುಸ್ತಕ ಓದುವುದಿಲ್ಲ ಎಂದು ಅವನ ಹೆಂಡತಿ ಹಂಗಿಸುವುದು ಸುಳ್ಳಲ್ಲ.

ಮಂಗಳವಾರ ಬೆಳಿಗ್ಗೆ ಕೂತು ಅಳಿಸಿದ. ಬರೆದ ಕೈ ಎಷ್ಟು ಒತ್ತಿತ್ತೆಂದರೆ ಸೀಸ ಹೋದರೂ ಕಾಗದದಲ್ಲಿ ಗುಳಿ ಉಳಿದಿತ್ತು. ಅದನ್ನೂ ಬಿಡಲಿಲ್ಲ. ಹಾಳೆಯನ್ನು ಒದ್ದೆ ಒತ್ತುಕಾಗದದ ನಡುವೆ ಇಟ್ಟು, ಮೆತ್ತಗಾದ ಮೇಲೆ ಒಣಗಿಸಿ, ಹೊಲಿದು, ಯಂತ್ರಕ್ಕೆ ಕೊಟ್ಟ. ನಲವತ್ತು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಅವನ ಕೈಯಿಂದ ಬಂದಿರಲಿಲ್ಲ.

ಈಗ ನೆಲದಿಂದ ಎದ್ದು, ಚಕ್ರ ಬಿಚ್ಚಿ, ಪುಸ್ತಕ ತೆಗೆದ. ಕಿಟಕಿಯ ಬಳಿ ಬಿಸಿಲಿಗೆ ಹಾಳೆಯನ್ನು ಓರೆ ಹಿಡಿದ. ಏನೂ ಇಲ್ಲ. ಭೂತಗನ್ನಡಿ ಹಿಡಿದ. ಕಾಗದದ ನಾರು ಕಂಡಿತು, ಅಕ್ಷರ ಕಾಣಲಿಲ್ಲ. ಸೀಸದ ಪುಡಿಯನ್ನು ಹತ್ತಿಯಲ್ಲಿ ತೆಗೆದುಕೊಂಡು ಒಂದು ಮೂಲೆಯಲ್ಲಿ ಸವರಿ ನೋಡಿದ; ಗುಳಿಯಿದ್ದರೆ ಎದ್ದು ಕಾಣುತ್ತದೆ. ಎಲ್ಲ ಸಮವಾಗಿ ಬೂದುಬಣ್ಣವಾಯಿತು.

ಹೆಂಡತಿ ಬುತ್ತಿ ತಂದವಳು ಅವನ ಮುಖ ನೋಡಿ ಗಾಬರಿಯಾದಳು. ಎಲ್ಲ ಕೇಳಿದ ಮೇಲೆ ಬುತ್ತಿಯನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ಅಕ್ಕಂಗೆ ಕಣ್ಣು ಕಾಣ್ಸಲ್ಲ. ನೀವೇ ಒತ್ತಿ ಬರೆದ್ಬಿಡಿ," ಅಂದಳು.

"ಏನಂತ ಬರೀಲಿ?"

"ಏನಿತ್ತೋ ಅದನ್ನೇ."

"ಓದಿದ್ರೆ ತಾನೇ ಗೊತ್ತಿರೋದು!" ಅವನು ಕಿರುಚಿದ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಐವತ್ತು ವರ್ಷ ನಮ್ಮಮ್ಮ ಹೆಬ್ಬೆಟ್ಟು, ನಮ್ಮಮ್ಮ ಹೆಬ್ಬೆಟ್ಟು ಅಂತ ಕಂಡಕಂಡವರಿಗೆ ಹೇಳ್ಕೊಂಡು ಬಂದೆ. ಅವಳು ಬರೆದಿದ್ದು ಕೈಗೆ ಬಂದ್ರೆ, ಓದೋ ಮೊದಲು ಅಳಿಸ್ದೆ."

ಹೆಂಡತಿ ಮೇಜಿನ ಮೇಲಿನ ಪುಸ್ತಕವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ಅವಳಿಗೆ ಕಟ್ಟುವ ಕೆಲಸ ಬಾರದು, ಆದರೆ ಮೂವತ್ತು ವರ್ಷ ನೋಡಿದ ಕಣ್ಣು. "ಈ ಕೊನೇ ಹಾಳೆ ಹೊಸದಲ್ವಾ?" ಅಂದಳು.

ಹೌದು. ಕೊನೆಯ ಪುಟದ ಹಿಂದೆ, ರಟ್ಟಿಗೆ ಮೊದಲು, ಒಂದು ಖಾಲಿ ಹಾಳೆ ಇರುತ್ತದೆ. ಹಳೆಯದನ್ನು ಹುಳು ತಿಂದಿತ್ತೆಂದು ಅವನು ಕಿತ್ತು ಹೊಸದು ಹಾಕಿದ್ದ. ಅಮ್ಮ ಬರೆಯುವಾಗ ಅದು ಕೆಳಗಡೆ ಇತ್ತು. ಅಷ್ಟು ಒತ್ತಿ ಬರೆದವಳ ಅಕ್ಷರ ಅದರೊಳಕ್ಕೂ ಇಳಿದಿರಲೇಬೇಕು. ಬೈಂಡರ್ ಕಸದ ಚೀಲದ ಕಡೆ ಹಾರಿದ. ಚೀಲ ಇರಲಿಲ್ಲ. ಇವತ್ತು ಬುಧವಾರ; ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಗುಜರಿಯ ಗಾಡಿ ಬಂದು ಕಾಗದದ ಚೂರೆಲ್ಲ ಒಯ್ಯುತ್ತದೆ. ಅವನೇ ಚೀಲ ಎತ್ತಿ ಕೊಟ್ಟಿದ್ದ.

ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಬಗಲಿಗೆ ಸಿಕ್ಕಿಸಿಕೊಂಡು ಓಡಿದ. ಐವತ್ತೇಳರ ಮೊಣಕಾಲು ಓಟಕ್ಕೆ ಆದದ್ದಲ್ಲ. ಎರಡನೇ ಬೀದಿಯಲ್ಲೇ ಕುಂಟತೊಡಗಿತು. ಚಕ್ರದ ಅಂಗಡಿ, ಗಾಜಿನ ಅಂಗಡಿ, ಬಾಗಿಲು ಮಾಡುವವರ ಸಾಲು ದಾಟಿ ಗುಜರಿಯ ಅಂಗಳ ಮುಟ್ಟುವಾಗ ಉಸಿರು ಮೇಲಕ್ಕೊಂದು ಕೆಳಕ್ಕೊಂದು.

ಗುಜರಿಯ ಯಜಮಾನಿ ದಪ್ಪನೆಯ ಹೆಂಗಸು, ಸೊಂಟಕ್ಕೆ ಬೀಗದ ಕೈಗೊಂಚಲು. ಅವಳ ಹಿಂದೆ ಕಾಗದ ಒತ್ತುವ ಯಂತ್ರ ಗರಗರ ಅನ್ನುತ್ತಿತ್ತು. ಅದೂ ಒತ್ತುಯಂತ್ರವೇ, ಹತ್ತಾರು ಚೀಲ ಕಾಗದವನ್ನು ಒಂದೇ ಇಟ್ಟಿಗೆ ಮಾಡುತ್ತಿತ್ತು.

"ನನ್ನ ಚೀಲ," ಬೈಂಡರ್ ಅಂದ. "ಬೆಳಿಗ್ಗೆ ಕೊಟ್ಟಿದ್ದು. ವಾಪಸ್ ಬೇಕು."

"ಆಯ್ತಲ್ಲ ಸ್ವಾಮಿ, ಕಟ್ಟಾಯ್ತು." ಅವಳು ಗೋಡೆಗೆ ಜೋಡಿಸಿದ ಕಟ್ಟುಗಳನ್ನು ತೋರಿಸಿದಳು. ಒಂದೊಂದೂ ಎದೆಯ ಎತ್ತರ, ತಂತಿ ಬಿಗಿದದ್ದು. "ಎರಡು ಗಂಟೆಗೆ ಲಾರಿ ಬರತ್ತೆ. ಗಿರಣಿಗೆ ಹೋಗತ್ತೆ, ನೀರಲ್ಲಿ ಕರಗತ್ತೆ. ಏನು, ನೋಟು ಸಿಕ್ಕಾಕೊಂಡಿತ್ತಾ?"

"ಒಂದು ಖಾಲಿ ಹಾಳೆ."

ಯಜಮಾನಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಖಾಲಿ ಹಾಳೆ! ನೂರು ಕೊಡ್ತೀನಿ, ಹೊಸದು, ತಗೊಂಡು ಹೋಗಿ. ಬಿಸಿಲು ಜಾಸ್ತಿ ಇದೆ, ಸ್ವಲ್ಪ ನೀರು ಕುಡೀರಿ ಮೊದಲು."

ಬೈಂಡರ್ ಕೈ ಮುಗಿದ. ಇಷ್ಟು ವಯಸ್ಸಿನಲ್ಲಿ, ಆಳುಗಳೆಲ್ಲ ನೋಡುತ್ತಿರುವಾಗ, ಅವನಿಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಬಗಲಿನ ಬಟ್ಟೆ ಬಿಚ್ಚಿ, ಇದರ ಹಿಂದಿದ್ದ ಹಾಳೆ ಎಂದು ಪುಸ್ತಕ ತೋರಿಸಿದ.

ಯಜಮಾನಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಅವಳ ಮುಖವೇ ಬದಲಾಯಿತು. "ಅಯ್ಯೋ, ದೊಡ್ಡಮ್ಮನ ಕೊಡೆ! ಇದು ನಮ್ಮ ಸ್ಕೂಲಲ್ಲಿತ್ತು. ಒಂದೇ ಪುಸ್ತಕ, ನಲವತ್ತು ಮಕ್ಕಳು. ಯಾರು ಮೊದಲು ಬರೀತಾರೋ ಅಂತ ಕಿತ್ತಾಟ. ನಾನು ಮೊದಲು ಹೋಗಿ, ಕೊಡೆ ನಮ್ಮ ಮನೆಗೇ ಬಂತು, ನಮ್ಮಪ್ಪನ ಜೊತೆ ಕೆಲಸಕ್ಕೆ ಹೋಗತ್ತೆ ಅಂತ ಬರೆದ್ಬಿಟ್ಟೆ. ಆಮೇಲೆ ಎಲ್ರ ಹತ್ರ ಬೈಸ್ಕೊಂಡೆ." ಅವಳು ಕೊನೆಯ ಪುಟ ತೆರೆದು ನಿರಾಸೆಯಿಂದ ಹುಬ್ಬು ಗಂಟಿಕ್ಕಿದಳು. "ಇದರಲ್ಲಿ ಯಾರೂ ಬರೆದೇ ಇಲ್ಲ. ಪಾಪ, ಯಾರ ಪುಸ್ತಕ? ಮಕ್ಕಳಿಲ್ದಿರೋ ಮನೇದಾ?"

ಮೂವತ್ತು ವರ್ಷ ಖಾಲಿ ಖಾಲಿ ಎಂದು ಬಡಿದುಕೊಂಡವನಿಗೆ ಆ ಮಾತು ಚುಚ್ಚಿದಷ್ಟು ಇನ್ನೇನೂ ಚುಚ್ಚಿರಲಿಲ್ಲ.

ಯಜಮಾನಿ ಆಳಿನ ಕಡೆ ತಿರುಗಿ, "ಬೆಳಗಿನ ಕಟ್ಟು ಯಾವುದೋ? ಕತ್ತರಿಸು ತಂತಿ," ಅಂದಳು.

ತಂತಿ ಬಿಚ್ಚಿದ ಕಟ್ಟು ಹೊಟ್ಟೆ ಬಿರಿದು ಅಂಗಳಕ್ಕೆಲ್ಲ ಸುರಿಯಿತು. ಬೈಂಡರ್ ಮಂಡಿಯೂರಿ ಹುಡುಕಿದ. ರಟ್ಟಿನ ಪೆಟ್ಟಿಗೆ, ಪರೀಕ್ಷೆಯ ಉತ್ತರ ಪತ್ರಿಕೆ, ಔಷಧದ ಚೀಟಿ, ಯಾರದೋ ಮನೆಯ ನಕ್ಷೆ. ತನ್ನ ಅಂಗಡಿಯ ಚೂರುಗಳನ್ನು ಅಂಚು ನೋಡಿಯೇ ಗುರುತು ಹಿಡಿಯುತ್ತಿದ್ದ; ಅವನ ಕತ್ತಿಗೆ ಒಂದು ಸಣ್ಣ ಮುಕ್ಕಿತ್ತು, ಕತ್ತರಿಸಿದಲ್ಲೆಲ್ಲ ಒಂದು ಗೀರು ಬೀಳುತ್ತಿತ್ತು. ಬೆರಳು ಕೊಯ್ದುಹೋಯಿತು. ಹನ್ನೆರಡಾಯಿತು, ಒಂದಾಯಿತು. ಒಂದೂವರೆಗೆ ಹಳದಿ ತಿರುಗಿದ ಒಂದು ಚೂರು ಸಿಕ್ಕಿತು. ಅಂಗೈಯಗಲ, ಹುಳು ತಿಂದ ತೂತು. ಹಾಳೆಯನ್ನು ಎಸೆಯುವ ಮುಂಚೆ ನಾಲ್ಕಾಗಿ ಹರಿದಿದ್ದು ತಾನೇ ಎಂದು ಅವನಿಗೆ ಆಗ ನೆನಪಾಯಿತು. ಮಿಕ್ಕ ಮೂರಕ್ಕಾಗಿ ಲಾರಿ ಬಂದು ಹಾರ್ನ್ ಹೊಡೆಯುವವರೆಗೂ ಕೆದಕಿದ. ಸಿಗಲಿಲ್ಲ. ಯಜಮಾನಿ ಲಾರಿಯನ್ನು ಇನ್ನೊಂದು ಗಂಟೆ ನಿಲ್ಲಿಸಿಕೊಂಡಳು, ತಾನೂ ಕೂತು ಕೆದಕಿದಳು. ಆಗಲೂ ಸಿಗಲಿಲ್ಲ.

ಚೂರನ್ನು ಬಿಸಿಲಿಗೆ ಓರೆ ಹಿಡಿದ. ಕೆಳಗಿನ ಅಂಚಿನಲ್ಲಿ, ಕಾಗದದ ಮೈಮೇಲೆ ಉಗುರಿನಿಂದ ಎಳೆದಷ್ಟು ತೆಳುವಾಗಿ, ನಾಲ್ಕು ಅಕ್ಷರ ಇಳಿದಿದ್ದವು. 'ಪುಟ ಬರೋ'. ಅಲ್ಲಿಗೆ ಹರಿದಿತ್ತು.

ಐದು ಗಂಟೆಗೆ ಅಕ್ಕನ ಮನೆ ತಲುಪಿದಾಗ ಬಾಗಿಲು ತೆರೆದಿತ್ತು. ಅವಳು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಹೆಜ್ಜೆ ಕೇಳಿದ್ದೇ ಎರಡೂ ಕೈ ಚಾಚಿದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಅವನಿಗೆ ಮರೆತುಹೋಯಿತು. ಪುಸ್ತಕವನ್ನು ಆ ಕೈಗಳಲ್ಲಿ ಇಟ್ಟುಬಿಟ್ಟ.

"ಆಹಾ, ಎಷ್ಟು ಗಟ್ಟಿ ಹೊಲಿದಿದೀಯೋ!" ಬೆನ್ನು ಸವರಿದಳು. ಹಿಂದಿನ ರಟ್ಟು ತೆಗೆದು, ಒಂದು ಹಾಳೆ ಸರಿಸಿ, ತೋರುಬೆರಳನ್ನು ಪುಟದ ಮೇಲಿಟ್ಟಳು. ಬೆರಳು ಎಡದಿಂದ ಬಲಕ್ಕೆ ಹೋಯಿತು. ಮತ್ತೆ ಎಡಕ್ಕೆ ಬಂದು, ಕೆಳಗಿಳಿದು, ಮತ್ತೆ ಬಲಕ್ಕೆ. ಅವಳು ಹಾಳೆ ಹಿಂದಿರುಗಿಸಿ, ರಟ್ಟಿನಿಂದ ಎಣಿಸಿಕೊಂಡು ಬಂದು, ಮತ್ತೆ ಸವರಿದಳು.

"ಪುಟ್ಟ, ಪುಟ ಹಿಂದೆ ಮುಂದೆ ಮಾಡ್ಬಿಟ್ಯೇನೋ? ಸಿಗ್ತಾ ಇಲ್ಲ, ನೋಡು."

ಈಗಲೂ ಸುಳ್ಳು ಹೇಳಬಹುದಿತ್ತು. ಗಿರಾಕಿಗಳಿಗೆ ಅವನು ಎಷ್ಟೋ ಸಲ ಹೇಳಿದ್ದಾನೆ: ಕಾಗದ ಹಳೆಯದು, ಒದ್ದೆಯಾದರೆ ಹೀಗೇ, ನಮ್ಮ ಕೈಯಲ್ಲಿಲ್ಲ.

"ಅದೇ ಪುಟ ಅಕ್ಕ. ನಾನು ಅಳಿಸ್ದೆ."

ಬೆರಳು ನಿಂತಿತು. "ಯಾಕೆ?"

"ಖಾಲಿ ಬೇಕಿತ್ತು. ಹದಿನಾಲ್ಕೂ ಖಾಲಿ ಇರ್ಬೇಕು ಅಂತ."

"ಓದಿದ್ಯಾ? ಅಳಿಸೋ ಮುಂಚೆ?"

"ಪೂರ್ತಿ ಓದ್ಲಿಲ್ಲ. ಪುಟ ಅಂತಿತ್ತು. ನಾನೇ ಗೀಚಿದ್ದು ಅಂದ್ಕೊಂಡೆ."

ಅಕ್ಕ ಬೆರಳನ್ನು ಪುಟದಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಬೈದಿದ್ದರೆ, ಹೊಡೆದಿದ್ದರೆ ಬೈಂಡರ್ ಬದುಕಿಕೊಳ್ಳುತ್ತಿದ್ದ. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅವಳು ಮಾತಾಡಿದಾಗ ದನಿ ಅವನ ಕಡೆಗಿರಲಿಲ್ಲ, ಕಿಟಕಿಯ ಕಡೆಗಿತ್ತು.

"ಅವಳಿಗೂ ಗೊತ್ತಿತ್ತು ಅದು ತಪ್ಪು ಅಂತ. ಪುಟ ಅಂತ ಬರೆದು, ಜೋರಾಗಿ ಓದಿ, ಇದು ನನ್ನ ಮಗನ ಹೆಸರಲ್ಲ ಕಣೇ, ಪುಟ್ಟ ಅಂತ ಬರೆಯೋದು ಯಾವಾಗ ಹೇಳ್ಕೊಡ್ತೀಯಾ ಅಂದ್ಲು. ನನಗೆ ಮಾರನೇ ದಿನ ಪರೀಕ್ಷೆ. ತಲೆ ತಿನ್ಬೇಡ, ಪರೀಕ್ಷೆ ಮುಗೀಲಿ ಅಂದೆ. ಒಂದು ನಿಮಿಷದ ಕೆಲಸ ಕಣೋ ಅದು. ಟ ಕೆಳಗೆ ಇನ್ನೊಂದು ಟ. ನಾನು ಹೇಳ್ಕೊಡ್ಲಿಲ್ಲ. ಪರೀಕ್ಷೆ ಮುಗಿಯೋದ್ರೊಳಗೆ ಅವಳಿಲ್ಲ. ಅದಕ್ಕೇ ಇಷ್ಟು ವರ್ಷ ನಿನಗೆ ತೋರಿಸ್ಲಿಲ್ಲ. ತೋರಿಸಿದ್ರೆ ನೀನು ಕೇಳ್ತಿದ್ದೆ, ಒತ್ತು ಯಾಕಿಲ್ಲ ಅಂತ."

ಬೈಂಡರ್ ಅವಳ ಕಾಲ ಬಳಿ ನೆಲದಲ್ಲಿ ಕುಳಿತ. ಜೇಬಿನಿಂದ ಚೂರು ತೆಗೆದು ಅವಳ ಅಂಗೈಯಲ್ಲಿಟ್ಟ. "ಹಿಂದಿನ ಹಾಳೆ. ಇಷ್ಟೇ ಸಿಕ್ಕಿದ್ದು. ಪುಟ ಬರೋ ಅಂತ ಇದೆ. ಮುಂದೆ ಏನು ಅಕ್ಕ? ಏನು ಬರೆದಿದ್ಲು?"

ಅಕ್ಕ ಚೂರಿನ ಮೇಲೆ ಬೆರಳಾಡಿಸಿದಳು. ಗುಳಿ ತೀರ ಆಳವಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು. ಆಮೇಲೆ, ಐವತ್ತೊಂದು ವರ್ಷ ಓದಿದ್ದನ್ನು ಅಮ್ಮ ಬರೆದ ಹಾಗೆಯೇ, ಒಂದು ಒತ್ತನ್ನೂ ಸೇರಿಸದೆ ಹೇಳಿದಳು:

"ಕೊಡೆ ಮನೆಗೆ ಬಂತು. ಒಳಗೆ ಯಾರೂ ಇಲ. ಪುಟ ಶಾಲೆಗೆ ಹೋಗಿದಾನೆ. ಕೊಡೆ ಬಾಗಿಲಲಿ ಕಾದು ಕುಂತಿದೆ. ಪುಟ ಬರೋವರೆಗೂ ಬಾಗಿಲು ಹಾಕಬೇಡಿ."

ಅವನು ಶಾಲೆಗೆ ಹೋಗಿದ್ದಾಗ, ಅವನಿಲ್ಲದ ಮಧ್ಯಾಹ್ನದಲ್ಲಿ, ಅವನ ಹೆಸರನ್ನೇ ಬರೆಯಲು ಬಾರದವಳು ಅವನಿಗಾಗಿ ಬರೆದದ್ದು. ಬೈಂಡರ್ ಅಕ್ಕನ ಮಂಡಿಗೆ ತಲೆಯಿಟ್ಟು ಅತ್ತ. ಅವಳ ಕೈ ಅವನ ತಲೆಯ ತನಕ ಬಂತು, ಮುಟ್ಟಲಿಲ್ಲ, ಹಿಂದೆ ಹೋಯಿತು.

"ನೀನು ಹೇಳು, ನಾನು ಬರೀತೀನಿ," ಅವನು ಅಂದ. "ಒತ್ತಿಲ್ದೇನೇ ಬರೀತೀನಿ. ಹಾಗೇ ಒತ್ತಿ ಬರೀತೀನಿ ಅಕ್ಕ."

"ಬೇಡ." ಅವಳು ಪುಸ್ತಕ ಮುಚ್ಚಿ ಅವನ ಕಡೆ ತಳ್ಳಿದಳು. ಚೂರನ್ನು ಮಾತ್ರ ಮುಷ್ಟಿಯಲ್ಲಿ ಇಟ್ಟುಕೊಂಡಳು. "ಖಾಲಿ ಬೇಕಿತ್ತಲ್ಲ ನಿನಗೆ. ತಗೊ. ಹದಿನಾಲ್ಕಾಯ್ತು."

ಅವನು ಪುಸ್ತಕ ಎತ್ತಿಕೊಂಡ. ಎತ್ತಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಮೂವತ್ತು ವರ್ಷ ಬೇಡಿದ್ದು ಬಗಲಲ್ಲಿತ್ತು, ಅದನ್ನು ಎಲ್ಲಾದರೂ ಎಸೆದು ಬರುವ ಧೈರ್ಯವೂ ಅವನಿಗಿರಲಿಲ್ಲ. "ಬರ್ತೀನಿ ಅಕ್ಕ," ಅಂದ. ಹೊಸ್ತಿಲು ದಾಟಿ ಮೂರು ಮೆಟ್ಟಿಲು ಇಳಿದು ರಸ್ತೆಗೆ ಬಂದ.

ಅಕ್ಕ ಒಂಟಿ ಹೆಂಗಸು. ಯಾರು ಬಂದುಹೋದರೂ ಹಿಂದೆಯೇ ಎದ್ದು ಬಂದು ಚಿಲಕ ಹಾಕಿಕೊಳ್ಳುವುದು ಅವಳ ಅಭ್ಯಾಸ. ಆ ಚಿಲಕ ಎಷ್ಟು ಗಡುಸೆಂದರೆ ಬೀದಿಯ ಕೊನೆಗೂ ಕೇಳುತ್ತದೆ. ಬೈಂಡರ್ ಆ ಸದ್ದಿಗಾಗಿ ಕಾಯುತ್ತ ನಿಧಾನಕ್ಕೆ ನಡೆದ. ಬೀದಿಯ ತಿರುವಿನವರೆಗೂ ಕೇಳಲಿಲ್ಲ. ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದ. ಬಾಗಿಲು ಅವನು ಬಿಟ್ಟುಬಂದ ಹಾಗೇ ತೆರೆದಿತ್ತು.